ಎಡ-ಬಲ ಅಣುಗಳನ್ನು ಹರಳಿನಲ್ಲೇ ಬೇರೆ ಮಾಡಿದೆ: ನನ್ನ ಅನುಭವ

ಕೊನೆಗೂ ಆಯಿತು. ಒಂದು ಕೆಜಿ ರೇಸಿಮಿಕ್ ಅಮೀನ್, ಅಂದರೆ ಕನ್ನಡಿ ಬಿಂಬದ ಹಾಗಿರುವ ಎಡ-ಬಲ ಅಣುಗಳು ಸಮ ಸಮ ಬೆರೆತ ಸಾರಜನಕದ ಕ್ಷಾರ, ಹಾಕಿ ಹತ್ತಿರ ಹತ್ತಿರ 410 ಗ್ರಾಂ ಎಡಗೈ ಅಮೀನ್ ತೆಗೆದಿದ್ದೇನೆ. ಇಇ 99.2. ಇಇ ಅಂದರೆ ಒಂದು ಕೈಯ ಅಣು ಇನ್ನೊಂದಕ್ಕಿಂತ ಶೇಕಡಾ ಎಷ್ಟು ಜಾಸ್ತಿ ಅನ್ನುವ ಅಳತೆ. ಮೂರು ಸಲ ಮಾಡಿದೆ, ಮೂರು ಸಲವೂ 99ರ ಮೇಲೇ ಬಂತು. ಪ್ರೆಪ್ ಕಾಲಂ (ಎಡ-ಬಲ ಅಣುಗಳನ್ನು ಹರಿಸಿ ಬೇರೆ ಮಾಡುವ ದುಬಾರಿ ಕೊಳವೆ) ಇಲ್ಲ, ಎನ್‌ಜೈಮ್ ಇಲ್ಲ. ಒಂದೇ ಕೈಯ ಒಂದು ಆಮ್ಲ, ಎಥನಾಲ್, ಸ್ವಲ್ಪ ನೀರು, ಜಾಕೆಟ್ ಇರುವ ಗಾಜಿನ ರಿಯಾಕ್ಟರ್, ಒಂದು ಒಳ್ಳೆಯ ಫಿಲ್ಟರ್. ಅಷ್ಟೇ.

ಒಂದೇ ಕೈಯ ಆಮ್ಲ ಸೇರಿಸಿದರೆ ಎಡ ಅಮೀನಿನ ಲವಣ, ಬಲ ಅಮೀನಿನ ಲವಣ ಬೇರೆ ಬೇರೆ ಥರ ಕರಗುತ್ತವೆ, ಕಡಿಮೆ ಕರಗುವುದು ಮೊದಲು ಹರಳಾಗಿ ಬೀಳುತ್ತದೆ. ಸುಮಾರು ಹದಿನಾಲ್ಕು ತಿಂಗಳ ಹಿಂದೆ ಈ ದಾರಿ ಹಿಡಿಯುತ್ತೇನೆ ಅಂದಾಗ ಒಬ್ಬರೂ ಹೂಂ ಅನ್ನಲಿಲ್ಲ. "ಲವಣ ಮಾಡಿ ಹರಳು ತೆಗೆಯೋದು ಹಳೇ ಕಾಲದ ಕೆಲಸ ಸರ್, ಸುಮ್ನೆ ಕಾಲಂಗೆ ಕೊಟ್ಟುಬಿಡಿ" ಅಂದರು ಒಬ್ಬರು. "ಅರ್ಧ ಮಾಲು ಮೊದಲೇ ಹೋಯ್ತಲ್ಲ, ಇನ್ನೇನು ಉಳಿಯುತ್ತೆ?" ಅಂದರು ಇನ್ನೊಬ್ಬರು. ಕಾಲಂನಲ್ಲಿ ಬೇರೆ ಮಾಡಿಸಲು ಹೊರಗೆ ಕೊಟೇಷನ್ ಕೇಳಿದ್ದೆವು. ಒಂದೇ ಕೆಜಿಗೆ ನಮ್ಮ ಇಡೀ ಪ್ರಾಜೆಕ್ಟಿನ ಮುಕ್ಕಾಲು ದುಡ್ಡು ಕೇಳಿದರು. ಆ ಕಾಗದ ನೋಡಿದ ದಿನವೇ ನಾನು ನಿರ್ಧಾರ ಮಾಡಿಬಿಟ್ಟೆ.

ಅಮೀನ್ ಯಾವುದು ಅಂತ ಹೇಳಲಾರೆ, ಅದು ಬೇರೆಯವರ ಸ್ವತ್ತು. 1-ಫಿನೈಲ್‌ಈಥೈಲ್‌ಅಮೀನ್‌ನ ಹತ್ತಿರದ ಸಂಬಂಧಿ ಅಂದುಕೊಳ್ಳಿ. ತೂಕ, ನಡತೆ ಎಲ್ಲ ಹೆಚ್ಚುಕಡಿಮೆ ಅದೇ ಥರ. ಗಾಳಿಗೆ ಇಟ್ಟರೆ ಕಾರ್ಬನ್ ಡೈ ಆಕ್ಸೈಡ್ ಹೀರಿಕೊಂಡು ಬಾಟಲಿಯ ಕುತ್ತಿಗೆಗೆ ಬಿಳಿ ಪೊರೆ ಕಟ್ಟುವುದೂ ಅದೇ ಥರ. ಮೊದಲ ತಿಂಗಳು ಈ ಪೊರೆಯನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಅಮೀನ್ ಅಂತ ತೂಗಿದ್ದರಲ್ಲಿ ಒಂದಿಷ್ಟು ಕಾರ್ಬಮೇಟ್ ಸೇರಿರುತ್ತಿತ್ತು. ಹಾಗಾಗಿ ಆಮ್ಲದ ಅಳತೆ ಪ್ರತಿ ಸಲ ಬೇರೆ ಬೇರೆ. ಫಲಿತಾಂಶ ಒಂದು ದಿನ ಇದ್ದ ಹಾಗೆ ಇನ್ನೊಂದು ದಿನ ಇರುತ್ತಿರಲಿಲ್ಲ. ಈಗ ಡಿಸ್ಟಿಲ್ ಮಾಡಿ ನೈಟ್ರೋಜನ್ ಕೆಳಗೇ ಇಡುತ್ತೇನೆ. ಬಳಸುವ ದಿನ ಒಂದು ಹನಿ ಟೈಟ್ರೇಟ್ ಮಾಡಿಯೇ ಅಳತೆ ಹಾಕುತ್ತೇನೆ.

ಸ್ಕ್ರೀನಿಂಗ್ ಎಲ್ಲರೂ ಮಾಡುವ ಹಾಗೇ ಮಾಡಿದೆ. ಹನ್ನೆರಡು ಆಮ್ಲ, ನಾಲ್ಕು ದ್ರಾವಕ, 48 ವಯಲ್. ಟಾರ್ಟಾರಿಕ್, ಡೈಬೆಂಜೋಯಿಲ್ ಟಾರ್ಟಾರಿಕ್, ಡೈಟೊಲುಯೋಯಿಲ್, ಮ್ಯಾಂಡೆಲಿಕ್, ಕ್ಯಾಂಫರ್ ಸಲ್ಫೋನಿಕ್, ಮ್ಯಾಲಿಕ್, ಹೀಗೆ ಕಪಾಟಿನಲ್ಲಿ ಇದ್ದದ್ದೆಲ್ಲ. ಪ್ರತಿ ವಯಲ್‌ಗೆ 200 ಮಿಲಿಗ್ರಾಂ ಅಮೀನ್. ನೆನಪಿನಿಂದ ಹೇಳುತ್ತೇನೆ: 29 ವಯಲ್‌ಗಳಲ್ಲಿ ತಳದಲ್ಲಿ ಎಣ್ಣೆ ನಿಂತಿತು. ಹತ್ತರಲ್ಲಿ ಏನೂ ಬರಲಿಲ್ಲ. ಒಂಬತ್ತರಲ್ಲಿ ಹರಳು ಬಂತು. ಆ ಒಂಬತ್ತರಲ್ಲಿ ಆರರ ಇಇ ಹತ್ತರ ಕೆಳಗೆ. ಎರಡರದು ಇಪ್ಪತ್ತರ ಆಸುಪಾಸು. ಎಥನಾಲ್‌ನಲ್ಲಿ ಮಾಡಿದ ಮ್ಯಾಂಡೆಲೇಟ್ (ಮ್ಯಾಂಡೆಲಿಕ್ ಆಮ್ಲದ ಲವಣ) ಮಾತ್ರ 58 ಕೊಟ್ಟಿತು.

58 ಅಂದರೆ ಬಹಳ ಜನ ಕೈಬಿಡುತ್ತಾರೆ. ನಾನೂ ಬಿಡುವುದರಲ್ಲಿದ್ದೆ. ಅದೇ ವಯಲ್‌ನ ಹರಳನ್ನು ಮಾರನೆಯ ದಿನ ಲೆನ್ಸ್ ಕೆಳಗೆ ಇಟ್ಟು ನೋಡಿದೆ. ಕೂದಲಿನಷ್ಟು ಸಣ್ಣ ಸೂಜಿಗಳು, ಒಂದರ ಮೇಲೊಂದು ಹೆಣೆದುಕೊಂಡು ಒದ್ದೆ ಹತ್ತಿಯ ಹಾಗೆ ಕೂತಿದ್ದವು. ಸೂಜಿಗಳ ಮಧ್ಯೆ ಇನ್ನೂ ಹೊಳೆಯುವ ದ್ರವ. ಆ ದ್ರವ ಏನು? ಮದರ್ ಲಿಕ್ಕರ್, ಹರಳು ಬಿದ್ದ ಮೇಲೆ ಉಳಿಯುವ ದ್ರಾವಣ. ಅದರ ತುಂಬ ಇರುವುದು ಬೇಡದ ಕೈಯ ಅಣು. ನಾನು ಅಳೆದದ್ದು ಹರಳನ್ನಲ್ಲ, ಹರಳಿನ ಜೊತೆ ಅದು ಹಿಡಿದುಕೊಂಡ ಕೊಳೆಯನ್ನೂ ಸೇರಿಸಿ.

ಅದೇ ವಯಲ್ ಮತ್ತೆ ಮಾಡಿದೆ. ಈ ಸಲ ಕೇಕನ್ನು ಗಾಜಿನ ಬಿರಡೆಯಿಂದ ಚೆನ್ನಾಗಿ ಒತ್ತಿದೆ. ಬಿರುಕು ಬಿಡಲು ಬಿಡಲಿಲ್ಲ. ವ್ಯಾಕ್ಯೂಮ್ ನಿಲ್ಲಿಸಿ ತಣ್ಣಗಿನ ಎಥನಾಲ್ ಮೇಲೆ ನಿಧಾನಕ್ಕೆ ಸುರಿದೆ. ಒಂದು ನಿಮಿಷ ಬಿಟ್ಟು ಆಮೇಲೆ ಎಳೆದೆ. ಹೀಗೆ ಮೂರು ಸಲ, ಪ್ರತಿ ಸಲವೂ ಚೂರೇ ಚೂರು. ಇಇ 79. ಬೇರೆ ಏನೂ ಬದಲಾಯಿಸಿರಲಿಲ್ಲ. ಮೊದಲು ಇಪ್ಪತ್ತು ಬಂದಿದ್ದ ಆ ಎರಡು ವಯಲ್‌ಗಳನ್ನೂ ಇದೇ ಥರ ತೊಳೆದೆ. ನಲವತ್ತು ದಾಟಿದವು. ಆವತ್ತಿನಿಂದ ನನಗೆ ಒಂದು ವಿಷಯ ಗಟ್ಟಿಯಾಯಿತು. ಯಾವ ಆಮ್ಲ ಅನ್ನುವುದರ ಬಗ್ಗೆ ನಾವು ತಲೆ ಕೆಡಿಸಿಕೊಳ್ಳುವುದು ಜಾಸ್ತಿ. ರೆಸಲ್ಯೂಷನ್ (ಎಡ-ಬಲ ಬೇರೆ ಮಾಡುವ ಕೆಲಸ) ಗೆಲ್ಲುವುದು ತಣಿಸುವಾಗ ಮತ್ತು ಫಿಲ್ಟರ್ ಮೇಲೆ.

ಇದು ಹೊಸದೇನಲ್ಲ. 1-ಫಿನೈಲ್‌ಈಥೈಲ್‌ಅಮೀನ್‌ಗೆ ಟಾರ್ಟಾರಿಕ್ ಆಮ್ಲ ಹಾಕಿ ಮೆಥನಾಲ್‌ನಲ್ಲಿ ಹರಳು ತೆಗೆಯುವುದನ್ನು ಕಾಲೇಜಿನ ಲ್ಯಾಬಿನಲ್ಲೇ ಮಾಡಿರುತ್ತೀರಿ. ಸೂಜಿ ಬಂದರೆ ಮತ್ತೆ ಬಿಸಿ ಮಾಡಿ ಕರಗಿಸಿ, ನಿಧಾನವಾಗಿ ತಣಿಸಿ, ದಪ್ಪ ಪ್ರಿಸಂ ಹರಳು ಬರಿಸಿ ಅಂತ ಅಲ್ಲೇ ಹೇಳಿಕೊಟ್ಟಿರುತ್ತಾರೆ. ಆಗ ಅದು ಯಾಕೆ ಅಂತ ನಾವು ಕೇಳುವುದಿಲ್ಲ. ನನಗೆ ಅರ್ಥವಾಗಲು ಇಷ್ಟು ವರ್ಷ ಬೇಕಾಯಿತು.

ಇನ್ನು ಸೋತ ಕಥೆಗಳು. ಮೊದಲನೆಯದು, ದ್ರಾವಣ ಧ್ರುವೀಕೃತ ಬೆಳಕನ್ನು ಎಷ್ಟು ತಿರುಗಿಸುತ್ತದೆ ಅಂತ ಅಳೆಯುವ ಪೋಲಾರಿಮೀಟರ್‌ದು. ಐದು ಗ್ರಾಂ ಬ್ಯಾಚ್ ಮುಗಿಸಿ, ಲವಣ ಒಡೆದು, ಅಮೀನ್ ತೆಗೆದು ಟ್ಯೂಬಿಗೆ ತುಂಬಿದೆ. ಲೆಕ್ಕ ಹಾಕಿದರೆ ಆಪ್ಟಿಕಲ್ ಶುದ್ಧತೆ 104, ನೂರು ದಾಟುವಂತೆಯೇ ಇಲ್ಲ! ಮತ್ತೆ ಅಳೆದೆ, ಮತ್ತೆ 104. ಗುಳ್ಳೆ ಇಲ್ಲ, ಟ್ಯೂಬ್ ಸರಿ, ಉಷ್ಣತೆ ಸರಿ. ಎರಡು ದಿನ ಹಿಡಿಯಿತು ಕಾರಣ ಸಿಗಲು. ಲವಣ ಒಡೆಯುವ ಕಾಸ್ಟಿಕ್ (ಕ್ಷಾರ) ಕಡಿಮೆ ಹಾಕಿದ್ದೆ, ಪಿಎಚ್ 8ರ ಹತ್ತಿರ ನಿಂತಿತ್ತು. ಒಡೆಯದ ಲವಣ ಸ್ವಲ್ಪ ಮೇಲಿನ ಪದರಕ್ಕೆ ಬಂದಿತ್ತು. ಮ್ಯಾಂಡೆಲಿಕ್ ಆಮ್ಲದ ತಿರುಗುವಿಕೆ 150ಕ್ಕೂ ಮೇಲೆ. ನನ್ನ ಅಮೀನ್‌ದು ಅದರ ಕಾಲು ಭಾಗವೂ ಇಲ್ಲ. ಎರಡೂ ಒಂದೇ ದಿಕ್ಕಿಗೆ ತಿರುಗಿಸುತ್ತವೆ. ಚೂರು ಮ್ಯಾಂಡೆಲಿಕ್ ಉಳಿದರೂ ಸಾಕು, ಅಂಕಿ ಮೇಲೇರುತ್ತದೆ. ಕೈರಲ್ ಎಚ್‌ಪಿಎಲ್‌ಸಿ (ಎಡ-ಬಲ ಬೇರೆ ಮಾಡಿ ಅಳೆಯುವ ಕಾಲಂ ಯಂತ್ರ) ನೋಡಿದರೆ ನಿಜವಾದ ಇಇ 81. ಈಗ ಪಿಎಚ್ 12 ದಾಟದೆ ನಾನು ಅಮೀನ್ ಎಳೆಯುವುದೇ ಇಲ್ಲ. ಪೋಲಾರಿಮೀಟರ್ ಬಳಸುವುದು ದಾರಿ ಸರಿಯಿದೆಯಾ ಅಂತ ನೋಡಲು ಮಾತ್ರ.

ಎರಡನೆಯದು ದುಡ್ಡಿನ ಪೆಟ್ಟು. ನಮ್ಮಲ್ಲಿ ಇದ್ದ ಕೈರಲ್ ಕಾಲಂ ಒಂದೇ, ಅದೂ ಕೋಟೆಡ್ ಪಾಲಿಸ್ಯಾಕರೈಡ್, ಅಂದರೆ ಒಳಗಿನ ಪದರ ಬರೀ ಬಳಿದದ್ದು. ಹೆಕ್ಸೇನ್, ಐಸೊಪ್ರೊಪನಾಲ್, ಅದಕ್ಕೆ 0.1 ಶೇಕಡಾ ಡೈಈಥೈಲ್‌ಅಮೀನ್. ಚೆನ್ನಾಗಿ ನಡೆಯುತ್ತಿತ್ತು. ಒಂದು ಸಂಜೆ ಅವಸರದಲ್ಲಿ ಡೈಕ್ಲೋರೊಮೀಥೇನ್‌ನಲ್ಲಿ ಕರಗಿದ ಸ್ಯಾಂಪಲ್ಲನ್ನೇ ನೇರವಾಗಿ ಹಾಕಿದೆ. ಒಂದಲ್ಲ, ಸಾಲಾಗಿ ಹನ್ನೊಂದು ಇಂಜೆಕ್ಷನ್. ಕೋಟೆಡ್ ಕಾಲಂಗೆ ಡೈಕ್ಲೋರೊಮೀಥೇನ್, ಟಿಎಚ್‌ಎಫ್, ಅಸಿಟೋನ್, ಈಥೈಲ್ ಅಸಿಟೇಟ್ ಯಾವುದೂ ಆಗುವುದಿಲ್ಲ ಅಂತ ಗೊತ್ತಿದ್ದೂ ಮಾಡಿದೆ. ಬೆಳಿಗ್ಗೆ ಎರಡು ಪೀಕ್ ಒಂದರೊಳಗೊಂದು ಕೂತಿದ್ದವು. ಕಾಲಂ ಹೋಯಿತು. ಆ ಒಂದು ಕಾಲಂ ಬೆಲೆಗೆ ನಮ್ಮ ಒಂದು ವರ್ಷದ ಮ್ಯಾಂಡೆಲಿಕ್ ಆಮ್ಲ ಬರುತ್ತಿತ್ತು. ಹೊಸದು ತರಿಸಲು ಏಳು ವಾರ. ಅಷ್ಟು ದಿನ ಅರ್ಧ ಕುರುಡಾಗಿ ಕೆಲಸ ಮಾಡಿದೆ. ಈ ಸಲ ಇಮ್ಮೊಬಿಲೈಸ್ಡ್ (ಪದರ ಗಟ್ಟಿಯಾಗಿ ಅಂಟಿಸಿದ) ಕಾಲಂ ತರಿಸಿದೆವು, ಬೆಲೆ ಜಾಸ್ತಿ, ಆದರೆ ದ್ರಾವಕದ ಭಯ ಇಲ್ಲ.

ಮೂರನೆಯದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. 78 ಇಇ ಇರುವ ಅಮೀನ್ ನಲವತ್ತು ಗ್ರಾಂ ಕೈಯಲ್ಲಿತ್ತು. ಹೈಡ್ರೋಕ್ಲೋರೈಡ್ ಮಾಡಿ ಒಂದು ಸಲ ಹರಳುಗಟ್ಟಿಸಿದರೆ ಶುದ್ಧವಾಗುತ್ತದೆ ಅಂದುಕೊಂಡೆ. ಒಳ್ಳೆಯ ಬಿಳಿ ಹರಳು ಬಂತು, ನೋಡಲು ಬಹಳ ಚೆಂದ. ಲಿಕ್ಕರ್ ಚೆಲ್ಲಿದೆ. ಹರಳು ಅಳೆದರೆ ಇಇ 60ಕ್ಕೆ ಇಳಿದಿದೆ! ಅದು ರೇಸಿಮಿಕ್ ಕಾಂಪೌಂಡ್ ಅಲ್ವಾ, ಎಡ-ಬಲ ಎರಡೂ ಜೋಡಿಯಾಗಿ ಒಂದೇ ಹರಳಿನೊಳಗೆ ಕೂರುತ್ತವೆ. ಯುಟೆಕ್ಟಿಕ್‌ಗಿಂತ (ಜೋಡಿ ಹರಳು, ಒಂಟಿ ಕೈಯ ಹರಳು ಎರಡೂ ಒಟ್ಟಿಗೆ ಬೀಳುವ ಇಇ) ಕೆಳಗಿದ್ದರೆ ಮೊದಲು ಬೀಳುವುದು ಆ ಜೋಡಿ. ಒಳ್ಳೆಯ ಮಾಲೆಲ್ಲ ಲಿಕ್ಕರ್‌ನಲ್ಲಿ ಉಳಿಯುತ್ತದೆ. ನಾನು ಚೆಲ್ಲಿದ್ದು ಅದನ್ನೇ. ಹರಳುಗಟ್ಟಿಸಿದರೆ ಇಇ ಏರಲೇಬೇಕು ಅಂತ ಎಲ್ಲೂ ಇಲ್ಲ. ಈಗ ಯಾವ ಲಿಕ್ಕರನ್ನೂ ಅಳೆಯದೆ ಸಿಂಕಿಗೆ ತೋರಿಸುವುದಿಲ್ಲ. ಇಇ ಏರಿಸುವುದೆಲ್ಲ ಮ್ಯಾಂಡೆಲೇಟ್ ಇರುವಾಗಲೇ ಮುಗಿಸುತ್ತೇನೆ.

ಹಾಗಾದರೆ ಕೊನೆಗೆ ಏನು ಮಾಡಿದೆ? ಪೋಪ್ ಮತ್ತು ಪೀಚಿ ಅನ್ನುವ ರಸಾಯನ ವಿಜ್ಞಾನಿಗಳು 1899ರಲ್ಲೇ ತೋರಿಸಿದ ಅರ್ಧ ಅಳತೆಯ ದಾರಿ. ಇಡೀ ಈಕ್ವಿವಲೆಂಟ್, ಅಂದರೆ ಅಮೀನ್ ಅಣು ಒಂದಕ್ಕೆ ಆಮ್ಲದ ಅಣು ಒಂದರ ಹಾಗೆ, ಮ್ಯಾಂಡೆಲಿಕ್ ಹಾಕಬೇಡಿ. ಅರ್ಧ ಹಾಕಿ. ಉಳಿದ ಅರ್ಧಕ್ಕೆ ಅಸಿಟಿಕ್ ಆಮ್ಲದಂಥ ಅಗ್ಗದ್ದು ಹಾಕಿ. ಬೇಕಾದ ಕೈ ಮ್ಯಾಂಡೆಲೇಟ್ ಆಗಿ ಕೆಳಗೆ ಬೀಳುತ್ತದೆ. ಬೇಡದ ಕೈ ಅಸಿಟೇಟ್ ಆಗಿ ಆರಾಮಾಗಿ ಕರಗಿಕೊಂಡಿರುತ್ತದೆ. ಒಂದು ಕೆಜಿ ಅಮೀನ್‌ಗೆ ಅರ್ಧ ಕೆಜಿಗಿಂತ ಸ್ವಲ್ಪ ಜಾಸ್ತಿ ಮ್ಯಾಂಡೆಲಿಕ್ ಸಾಕಾಯಿತು. ದುಡ್ಡೂ ಉಳಿಯಿತು, ಇಇಯೂ ಏರಿತು.

ಬರೀ ಎಥನಾಲ್‌ನಲ್ಲಿ ಸೂಜಿಗಳೇ ಬರುತ್ತಿದ್ದವು. ನೀರು ಸೇರಿಸಿದ ಮೇಲೆ ಹರಳಿನ ಆಕಾರ ಬದಲಾಯಿತು. ಎಷ್ಟು ನೀರು ಅಂತ ಮಾತ್ರ ಹೇಳುವುದಿಲ್ಲ. ಹತ್ತು ಶೇಕಡಾಕ್ಕಿಂತ ಕಡಿಮೆ, ಅಷ್ಟು ಸಾಕು. ನಿಮ್ಮ ಅಮೀನ್‌ಗೆ ನೀವೇ ಹುಡುಕಬೇಕು, ಅದಕ್ಕೆ ನನಗೆ ಒಂದೂವರೆ ತಿಂಗಳು ಹಿಡಿಯಿತು.

ಆ ರಾತ್ರಿ ಚೆನ್ನಾಗಿ ನೆನಪಿದೆ. ನೂರು ಗ್ರಾಂ ಬ್ಯಾಚ್, 70 ಡಿಗ್ರಿಯಲ್ಲಿ ಎಲ್ಲ ಕರಗಿ ನೀರಿನಂತೆ ತಿಳಿಯಾಗಿತ್ತು. 58ಕ್ಕೆ ಇಳಿಸಿ ನಿಲ್ಲಿಸಿದೆ. ಹರಳು ಬೆಳೆಯಲು ಬೀಜವಾಗಿ (ಸೀಡ್) ಹಿಂದಿನ ಬ್ಯಾಚಿನಿಂದ ಆರಿಸಿದ ದಪ್ಪ ಹರಳುಗಳನ್ನು ಅರೆದು, ಎಥನಾಲ್‌ನಲ್ಲಿ ಕದಡಿ, ಒಂದು ಪಿಪೆಟ್‌ನಷ್ಟು ಬಿಟ್ಟೆ. ಹಿಂದಿನ ಸಲ ಒಣ ಪುಡಿ ಹಾಕಿದಾಗ ಅದು ಗಂಟುಕಟ್ಟಿ ಮೇಲೇ ತೇಲಿತ್ತು. ಈ ಸಲ ದ್ರಾವಣದೊಳಗೆ ತೆಳ್ಳಗಿನ ಮಂಜು ಕಾಣಿಸಿತು. ಮಂಜು ಕರಗಲೂ ಇಲ್ಲ, ಜಾಸ್ತಿಯೂ ಆಗಲಿಲ್ಲ. ಒಂದು ಗಂಟೆ ಸುಮ್ನೆ ಕೂತು ನೋಡಿದೆ. ನಲವತ್ತು ನಿಮಿಷದ ನಂತರ ಕಲಕುವ ಬ್ಲೇಡಿನ ಹಿಂದೆ ಏನೋ ಮಿನುಗಿತು. ಟಾರ್ಚ್ ಹಾಕಿದರೆ ಸಣ್ಣ ಸಣ್ಣ ಹಲಗೆಗಳು, ತಿರುಗಿದಾಗಲೆಲ್ಲ ಬೆಳಕು ಎಸೆಯುತ್ತಿದ್ದವು. ಸೂಜಿ ಒಂದೂ ಇಲ್ಲ. ಆಮೇಲೆ ಗಂಟೆಗೆ ನಾಲ್ಕು ಡಿಗ್ರಿಯ ಹಾಗೆ ಇಳಿಸಿದೆ. ಮಧ್ಯೆ ಮೂರು ಸಲ ಮತ್ತೆ ಹತ್ತು-ಹನ್ನೆರಡು ಡಿಗ್ರಿ ಏರಿಸಿ ಇಳಿಸಿದೆ. ಸಣ್ಣವು ಕರಗಿ ದೊಡ್ಡವು ಬೆಳೆಯಲಿ ಅಂತ. ಎಷ್ಟಕ್ಕೆ ತಂದು ಫಿಲ್ಟರ್ ಮಾಡಿದೆ ಅನ್ನುವುದು ನನ್ನ ಹತ್ತಿರ ಇರಲಿ. ತೀರಾ ತಣ್ಣಗೆ ಮಾಡಿದರೆ ತೂಕ ಏರುತ್ತದೆ, ಇಇ ಬೀಳುತ್ತದೆ, ಅದಂತೂ ನಿಮಗೆ ಗೊತ್ತೇ ಇದೆ.

ಆ ಬ್ಯಾಚ್ ಫಿಲ್ಟರ್ ಮೇಲೆ ಸುರಿದಾಗ ದ್ರವ ಅರ್ಧ ನಿಮಿಷದಲ್ಲಿ ಇಳಿದುಹೋಯಿತು. ಸೂಜಿಗಳ ಕಾಲದಲ್ಲಿ ಇದೇ ಕೆಲಸಕ್ಕೆ ಇಪ್ಪತ್ತು ನಿಮಿಷ ಕಾಯುತ್ತಿದ್ದೆ. ಕೆಜಿ ಬ್ಯಾಚಿನಲ್ಲಿ ಮೊದಲ ಹರಳು 940 ಗ್ರಾಂ ಹತ್ತಿರ, ಇಇ 93. ಅದನ್ನು ಪೂರ್ತಿ ಕರಗಿಸದೆ, ಹೊಸ ದ್ರಾವಕದಲ್ಲಿ 50 ಡಿಗ್ರಿಯಲ್ಲಿ ರಾತ್ರಿಯಿಡೀ ಕಲಕಿ ತಣಿಸಿದೆ. 855 ಗ್ರಾಂ ಉಳಿಯಿತು, ಇಇ 99.2. ಗರಿಷ್ಠ ಬರಬಹುದಾದದ್ದು ಐವತ್ತು ಶೇಕಡಾ, ನನಗೆ ಬಂದದ್ದು 41. ಇಳುವರಿಯ ಎರಡರಷ್ಟನ್ನು ಇಇಯಿಂದ ಗುಣಿಸುವ ಆ ಎಸ್ ಅಂಕಿ ಹಾಕಿದರೆ 0.81. ಕಾಲಂ ತಗೊಳ್ಳಿ ಅಂದವರಿಗೆ ಈ ಅಂಕಿ ತೋರಿಸಿದೆ. ಒಬ್ಬರು ಸೀಡ್ ಹರಳು ಸ್ವಲ್ಪ ಕೊಡಿ ಅಂತ ಕೇಳಿಕೊಂಡು ಹೋದರು.

ಮಧ್ಯೆ ಡಚ್ ರೆಸಲ್ಯೂಷನ್ ಕೂಡ ನೋಡಿದೆ. 1998ರಲ್ಲಿ ಬಂದ ವಿಧಾನ ಅದು. ಒಂದೇ ಆಮ್ಲದ ಬದಲು ಅದೇ ಮನೆತನದ ಎರಡು-ಮೂರು ಆಮ್ಲ ಒಟ್ಟಿಗೆ ಹಾಕುವುದು. ಮ್ಯಾಂಡೆಲಿಕ್ ಜೊತೆ ಅದರ ಪ್ಯಾರಾ-ಮೀಥೈಲ್, ಪ್ಯಾರಾ-ಬ್ರೋಮೊ ತಮ್ಮಂದಿರು. ಹರಳು ಬೇಗ ಬಂತು, ಇಇಯೂ ಮೊದಲ ಸಲಕ್ಕೇ ಚೆನ್ನಾಗಿತ್ತು. ಆದರೆ ಆಮ್ಲ ವಾಪಸ್ ತೆಗೆಯುವಾಗ ಮೂರೂ ಕಲಸಿಕೊಂಡವು. ಬ್ರೋಮೊ ಆಮ್ಲ ದುಬಾರಿ ಬೇರೆ. ಪೂರ್ತಿ ಮಿಶ್ರಣ ಬಿಟ್ಟೆ. ಆದರೆ ಆ ಮನೆತನದ ಒಬ್ಬರನ್ನು ಚಿಟಿಕೆಯಷ್ಟು ಈಗಲೂ ಹಾಕುತ್ತೇನೆ. ಅದು ಬೇಡದ ಲವಣ ಹರಳಾಗುವುದನ್ನು ತಡೆಯುತ್ತದೆ. ಯಾರು ಅಂತ ಇನ್ನೊಮ್ಮೆ ಹೇಳುತ್ತೇನೆ.

ಲೈಪೇಸ್ ಅನ್ನುವ ಎನ್‌ಜೈಮ್ ಕೂಡ ಒಂದು ತಿಂಗಳು ನೋಡಿದೆ. ಮಣಿಗಳ ಮೇಲೆ ಕೂರಿಸಿದ, ಕ್ಯಾಂಡಿಡಾ ಅಂಟಾರ್ಕ್ಟಿಕಾ ಅನ್ನುವ ಯೀಸ್ಟಿನ ಬಿ ಲೈಪೇಸ್. ಆಯ್ಕೆ ಅದ್ಭುತ, ಒಂದು ಕೈಯನ್ನೇ ಹಿಡಿದು ಅಮೈಡ್ ಮಾಡುತ್ತದೆ. ಆದರೆ ನಾನು ಮ್ಯಾಗ್ನೆಟ್ ಹಾಕಿ ಕಲಕಿದೆ. ಮಣಿಗಳೆಲ್ಲ ಅರೆದು ಹಿಟ್ಟಾದವು, ಫಿಲ್ಟರ್ ಕಟ್ಟಿಕೊಂಡಿತು. ಎರಡನೇ ಸಲ ಬಳಸಲು ಮಣಿಯೇ ಉಳಿದಿರಲಿಲ್ಲ. ಮಾಡುವುದಾದರೆ ಅಲುಗಾಡಿಸುವ ಶೇಕರ್‌ನಲ್ಲಿ ಮಾಡಿ. ಆಮೇಲೆ ಅಮೈಡ್ ಒಡೆಯುವ ಕೆಲಸವೂ ಇದೆ, ಅದಕ್ಕೇ ನಾನು ಹಿಂದೆ ಬಂದೆ.

ಕೆಲಸಕ್ಕೆ ಸಂಬಂಧವಿಲ್ಲದ ಎರಡು ಪ್ರಯೋಗಗಳನ್ನೂ ಹೇಳಲೇಬೇಕು. ಪಾಶ್ಚರ್ 1848ರಲ್ಲಿ ಮಾಡಿದ ಸೋಡಿಯಂ ಅಮೋನಿಯಂ ಟಾರ್ಟ್ರೇಟ್ ಹರಳುಗಳನ್ನು ನನ್ನ ಕೈಯಿಂದಲೇ ಆರಿಸಬೇಕು ಅನ್ನುವುದು ಬಹಳ ದಿನದ ಆಸೆ. ಮೊದಲ ಸಲ ರೂಮು ಬಿಸಿಯಿತ್ತು. 28 ಡಿಗ್ರಿ ಆಸುಪಾಸಿನ ಮೇಲೆ ಎಡ-ಬಲ ಸೇರಿದ ಬೇರೆ ಲವಣವೇ ಬೀಳುತ್ತದೆ, ಆರಿಸಲು ಏನೂ ಇರುವುದಿಲ್ಲ. ಎರಡನೇ ಸಲ ತಣ್ಣಗಿನ ರೂಮಿನಲ್ಲಿ ಹನ್ನೆರಡು ದಿನ ಮುಟ್ಟದೆ ಇಟ್ಟೆ. ಹರಳಿನ ಮೂಲೆಯಲ್ಲಿ ಒಂದು ಸಣ್ಣ ಓರೆ ಮುಖ ಇರುತ್ತದೆ. ಕೆಲವಕ್ಕೆ ಎಡಕ್ಕೆ, ಕೆಲವಕ್ಕೆ ಬಲಕ್ಕೆ. ಚಿಮಟ ಹಿಡಿದು ಒಂದು ಮಧ್ಯಾಹ್ನವೆಲ್ಲ ಕೂತು ಅರ್ಧ ಗ್ರಾಂನಷ್ಟು ಆರಿಸಿದೆ. ಕರಗಿಸಿ ಟ್ಯೂಬಿಗೆ ಹಾಕಿದಾಗ ಒಂದು ರಾಶಿ ಎಡಕ್ಕೆ, ಇನ್ನೊಂದು ಬಲಕ್ಕೆ ತಿರುಗಿಸಿತು. ಪಾಶ್ಚರ್ ಮುಂದೆ ಕೂತು ಹಿರಿಯ ವಿಜ್ಞಾನಿ ಬಯೋ ಇದನ್ನೇ ನೋಡಿದ್ದು. ಕಣ್ಣಾರೆ ನೋಡಿದ ಮೇಲೆ ನನಗೆ ಆವತ್ತು ನಿದ್ದೆ ಬರಲಿಲ್ಲ.

ಇನ್ನೊಂದು ಸೋಡಿಯಂ ಕ್ಲೋರೇಟ್. ಅಣುವಿಗೆ ಕೈ ಇಲ್ಲ, ಹರಳಿಗೆ ಮಾತ್ರ ಇದೆ. ತುಂಬಿದ ದ್ರಾವಣದಲ್ಲಿ ಎರಡೂ ಕೈಯ ಹರಳುಗಳನ್ನು ಗಾಜಿನ ಮಣಿ ಹಾಕಿ ಕಲಕುತ್ತಾ ಇದ್ದರೆ ಕೊನೆಗೆ ಎಲ್ಲವೂ ಒಂದೇ ಕೈ ಆಗುತ್ತದೆ ಅಂತ ವಿಯೆಡ್ಮಾ ಅನ್ನುವ ವಿಜ್ಞಾನಿ 2005ರಲ್ಲಿ ತೋರಿಸಿದರು. ನಾನು ಆರು ಬೀಕರ್ ಇಟ್ಟೆ. ಐದರಲ್ಲಿ ಆಯಿತು, ಒಂದರಲ್ಲಿ ಮಣಿ ಕಡಿಮೆ ಹಾಕಿದ್ದೆ. ಎರಡು ಪೋಲರಾಯ್ಡ್ ಹಾಳೆಯ ಮಧ್ಯೆ ಹರಳು ಇಟ್ಟು, ಮೇಲಿನದನ್ನು ಸ್ವಲ್ಪ ತಿರುಗಿಸಿದರೆ ಎಡದ್ದು ಒಂದು ಬಣ್ಣ, ಬಲದ್ದು ಇನ್ನೊಂದು ಬಣ್ಣ. ಮಾಡುವವರು ಒಂದು ನೆನಪಿಡಿ: ಒಣ ಕ್ಲೋರೇಟ್ ಕಾಗದಕ್ಕಾಗಲಿ, ದ್ರಾವಕಕ್ಕಾಗಲಿ ತಾಕಬಾರದು, ಒಣದಾಗಿ ಅರೆಯಲೂಬಾರದು. ನನ್ನ ಅಮೀನ್‌ಗೂ ಈ ದಾರಿ ಆದೀತಾ ಅಂತ ಆಸೆಪಟ್ಟೆ. ಅದಕ್ಕೆ ಎಡ-ಬಲ ಬೇರೆ ಬೇರೆ ಹರಳಾಗಬೇಕು, ಅಂಥವು ನೂರಕ್ಕೆ ಐದೋ ಹತ್ತೋ ಮಾತ್ರ. ಹದಿನಾರು ಲವಣ ಮಾಡಿ ನೋಡಿದೆ, ಒಂದೂ ಸಿಗಲಿಲ್ಲ.

ಮ್ಯಾಂಡೆಲಿಕ್ ವಾಪಸ್ ತೆಗೆಯದಿದ್ದರೆ ಈ ಇಡೀ ಲೆಕ್ಕ ನಿಲ್ಲುವುದಿಲ್ಲ. ಮೊದಲ ಸಲ 55 ಶೇಕಡಾ ಮಾತ್ರ ಬಂತು. ಅದು ನೀರಿನಲ್ಲಿ ಚೆನ್ನಾಗಿ ಕರಗುವ ಆಮ್ಲ, ಟೊಲೂಯಿನ್‌ನಲ್ಲಿ ಎರಡು ಸಲ ಎಳೆದರೆ ಬರುವುದಿಲ್ಲ. ಈಗ ಪಿಎಚ್ 1ಕ್ಕೆ ತಂದು, ಉಪ್ಪು ತುಂಬಿಸಿ, ಈಥೈಲ್ ಅಸಿಟೇಟ್‌ನಲ್ಲಿ ನಾಲ್ಕು ಸಲ ಎಳೆಯುತ್ತೇನೆ. 90ರ ಹತ್ತಿರ ಬರುತ್ತದೆ. ಇಲ್ಲೂ ಒಮ್ಮೆ ಕೈ ಸುಟ್ಟುಕೊಂಡೆ. ಎಥನಾಲ್ ಪೂರ್ತಿ ಹೋಗುವ ಮೊದಲೇ ಆಮ್ಲ ಹಾಕಿ ಬಿಸಿ ಮಾಡಿದ್ದೆ, ಒಂದು ಪಾಲು ಈಥೈಲ್ ಮ್ಯಾಂಡೆಲೇಟ್ ಆಗಿತ್ತು. ಅದನ್ನು ಮುಂದಿನ ಬ್ಯಾಚಿಗೆ ಹಾಕಿದಾಗ ಹರಳು ಬರಲೇ ಇಲ್ಲ, ಬರೀ ಎಣ್ಣೆ. ನೀರೇ ಕೆಟ್ಟಿದೆ ಅಂತ ಮೂರು ದಿನ ನೀರು ಬದಲಾಯಿಸುತ್ತಾ ಕೂತಿದ್ದೆ. ಈಗ ವಾಪಸ್ ಬಂದ ಆಮ್ಲದ ಕರಗುವ ಬಿಂದು ನೋಡುತ್ತೇನೆ. 131-133 ಇಲ್ಲದಿದ್ದರೆ ಬ್ಯಾಚಿಗೆ ಹೋಗುವುದಿಲ್ಲ.

ಈಗ ಉಳಿದಿರುವುದು ಆ ಇನ್ನೊಂದು ಅರ್ಧ. ಮೊದಲ ಫಿಲ್ಟರ್‌ನ ಲಿಕ್ಕರ್‌ನಿಂದ ತೆಗೆದ ಅಮೀನ್ ಬಲಗೈದು, ಇಇ 80ರ ಹತ್ತಿರ. ಅದಕ್ಕೆ ಇನ್ನೊಂದು ಕೈಯ ಮ್ಯಾಂಡೆಲಿಕ್ ಹಾಕಿದರೆ ಕನ್ನಡಿಯಲ್ಲಿ ನೋಡಿದ ಹಾಗೆ ಅದೇ ಕೆಲಸ ನಡೆಯುತ್ತದೆ. ಸೀಡ್ ಮಾತ್ರ ಹೊಸದು ಬೇಕಿತ್ತು, ಹಳೆಯದು ಇದಕ್ಕೆ ಆಗುವುದಿಲ್ಲ. ಹೋದ ವಾರ 30 ಗ್ರಾಂ ಇಟ್ಟಿದ್ದೆ. ಎರಡು ದಿನ ಏನೂ ಬರಲಿಲ್ಲ. ಮೂರನೇ ದಿನ ಗಾಜಿನ ಕಡ್ಡಿಯಿಂದ ಒಳಗೋಡೆ ಕೆರೆದೆ, ಗೀರಿದ ಗೆರೆಯ ಉದ್ದಕ್ಕೂ ಹರಳು ಕಟ್ಟಿತು. ನಿನ್ನೆ ಅಳೆದೆ, 98.6. ಅದರಲ್ಲಿ ಎರಡು ಗ್ರಾಂ ಸೀಡ್‌ಗೆ ಅಂತ ತೆಗೆದು ಲೇಬಲ್ ಹಚ್ಚಿ ಬೇರೆ ಇಟ್ಟಿದ್ದೇನೆ.